ಯಾರ ಮ್ಯಾಲ ಹಲ್ಲು ಕಡೀತೀರಿ?

ಮೊದಲು ಶಿವಕಾಂತಾ ಅದನ್ನು ಇಲಿ ಅಂದುಕೊಂಡಳು. ಅಫಜಲಪುರದ ಅವರ ಮನೆಯಲ್ಲಿ ಜೋಳದ ಚೀಲಗಳು ಮಲಗುವ ಕೋಣೆಯ ಮೂಲೆಯಲ್ಲೇ ಇದ್ದವು. ದೀಪ ಆರಿಸಿದ ಮೇಲೆ ಕರಕರ ಸದ್ದು ಬಂದರೆ ಇಲಿಯಲ್ಲದೆ ಮತ್ತೇನು? ಸಂತೆಯಿಂದ ಇಲಿ ಹಿಡಿಯುವ ಕತ್ತರಿ ತಂದು, ಒಣಕೊಬ್ಬರಿ ಸಿಕ್ಕಿಸಿ ಚೀಲದ ಹಿಂದೆ ಇಟ್ಟಳು. ಮೂರನೆಯ ರಾತ್ರಿ ಕತ್ತರಿಗೆ ಸಿಕ್ಕಿದ್ದು ಅವಳದೇ ಬಲಗಾಲಿನ ಹೆಬ್ಬೆರಳು. ಕಾಲು ಹಿಡಿದುಕೊಂಡು ಹಾಸಿಗೆಯ ಮೇಲೆ ಕುಕ್ಕರಿಸಿದಾಗ ತಿಳಿಯಿತು, ಸದ್ದು ಮೂಲೆಯಿಂದ ಬರುತ್ತಿಲ್ಲ, ಪಕ್ಕದಲ್ಲಿ ಮಲಗಿರುವ ಗಂಡನ ಬಾಯಿಯೊಳಗಿಂದ ಬರುತ್ತಿದೆ.

ಗಂಡ ಕಲ್ಲಿನಾಥ ಊರಿನ ಖಾಸಗಿ ಹೈಸ್ಕೂಲೊಂದರಲ್ಲಿ ಚಿತ್ರಕಲೆಯ ಮಾಸ್ತರ. ನಲವತ್ತಮೂರು ವರ್ಷದ, ತೆಳ್ಳಗಿನ, ಯಾರ ತಂಟೆಗೂ ಹೋಗದ ಮನುಷ್ಯ. ಹೋಟೆಲಿನ ಚಹಾದಲ್ಲಿ ನೊಣ ಬಿದ್ದಿದ್ದರೆ ಅದನ್ನು ಮೆಲ್ಲಗೆ ತೆಗೆದು ಪಕ್ಕಕ್ಕಿಟ್ಟು, ಚಹಾ ಕುಡಿದು, ಏಳುವಾಗ ಚಹಾ ಚಲೋ ಇತ್ತು ಎಂದು ಹೇಳಿ ಬರುವವನು. ಮದುವೆಯಾಗಿ ಹದಿನಾಲ್ಕು ವರ್ಷವಾದರೂ ಅವನು ದನಿ ಏರಿಸಿದ್ದನ್ನು ಶಿವಕಾಂತಾ ಕೇಳಿರಲಿಲ್ಲ. ಅಂಥವನು ಈಗ ನಿದ್ದೆಯಲ್ಲಿ, ಬೀಸುಗಲ್ಲಿಗೆ ಹರಳು ಸಿಕ್ಕಂತೆ ಹಲ್ಲು ಕಡಿಯುತ್ತಿದ್ದ.

ಶಿವಕಾಂತಾ ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಊರ ಹೆಂಗಸರ ಕುಪ್ಪಸ ಹೊಲಿಯುತ್ತಿದ್ದಳು. ನಿದ್ದೆ ಕೆಟ್ಟ ಕಣ್ಣಿಗೆ ಸೂಜಿಯ ತೂತೇ ಕಾಣದು. ಅವನ ಮಗ್ಗುಲು ಬದಲಿಸಿದಳು, ತಲೆದಿಂಬು ಬದಲಿಸಿದಳು, ತನ್ನ ಕಿವಿಗೆ ಅರಳೆ ತುರುಕಿಕೊಂಡಳು, ಕೊನೆಗೆ ಚಾಪೆ ಸುತ್ತಿಕೊಂಡು ಅಡುಗೆಮನೆಗೆ ಹೋಗಿ ಮಲಗಿದಳು. ಅಲ್ಲಿ ಸ್ಟೀಲಿನ ತಾಟುಗಳು ಅದೇ ಸದ್ದಿಗೆ ಸಣ್ಣಗೆ ನಡುಗುತ್ತಿದ್ದವು. ಆ ವಾರ ಮದುಮಗಳೊಬ್ಬಳ ರೇಷ್ಮೆ ಕುಪ್ಪಸಕ್ಕೆ ಎರಡೂ ಎಡಗೈ ತೋಳುಗಳನ್ನೇ ಹೊಲಿದು ಕೊಟ್ಟಳು. ಮದುಮಗಳ ತಾಯಿ ಬಂದು ಕುಪ್ಪಸವನ್ನು ಹೊಲಿಗೆ ಯಂತ್ರದ ಮೇಲೆ ಒಗೆದು ಹೋದ ದಿನ, ಇನ್ನು ಸುಮ್ಮನಿದ್ದರೆ ಆಗುವುದಿಲ್ಲ ಎಂದು ನಿಶ್ಚಯಿಸಿದಳು.

"ರೀ, ಒಂದ ಮಾತ ಕೇಳ್ತೇನಿ, ಖರೇ ಹೇಳ್ರಿ," ಅಂದಳು ಬೆಳಿಗ್ಗೆ ಚಹಾ ಕೊಡುತ್ತ. "ನೀವು ಯಾರ ಮ್ಯಾಲ ಹಲ್ಲು ಕಡೀತೀರಿ?"

"ನಾ?" ಅಂದ ಕಲ್ಲಿನಾಥ. "ನಾ ಯಾಕ ಕಡೀಲಿ?"

ಅವಳು ಮೊಬೈಲಿನಲ್ಲಿ ತುಂಬಿಕೊಂಡಿದ್ದ ಸದ್ದನ್ನು ಹಚ್ಚಿ ಅವನ ಕಿವಿಯ ಹತ್ತಿರ ಹಿಡಿದಳು. ಅವನು ಕಣ್ಣು ಮುಚ್ಚಿ, ತಲೆ ಒಂದು ಕಡೆ ವಾಲಿಸಿ ಕೊನೆಯ ತನಕ ಕೇಳಿದ.

"ಹಿಟ್ಟಿನ ಗಿರಣಿ ಅಲ್ಲೇನು ಇದು? ಬೆಲ್ಟ್ ಸಡ್ಲ ಆಗ್ಯಾದ."

"ನಿಮ್ಮ ಬಾಯಿರೀ ಇದು."

ಕಲ್ಲಿನಾಥ ಇನ್ನೊಮ್ಮೆ ಕೇಳಿದ. ಆಮೇಲೆ, ಬೇರೆಯವರ ವಸ್ತುವನ್ನು ತಪ್ಪಿ ತೆಗೆದುಕೊಂಡವನ ಹಾಗೆ ಮುಖ ಮಾಡಿ, "ನಿನಗ ಭಾಳ ತಕಲೀಫ್ ಆಗಿರಬೇಕು," ಅಂದ. "ಆದ್ರ ನನಗ ಯಾರ ಮ್ಯಾಲೂ ಸಿಟ್ಟ ಇಲ್ಲ."

ಇಷ್ಟಕ್ಕೆ ಅವಳ ಚಿಂತೆ ಹೆಚ್ಚೇ ಆಯಿತು. ಹಗಲು ಸಿಟ್ಟಾಗದವನು ನಿದ್ದೆಯಲ್ಲಿ ಹಲ್ಲು ಕಡಿಯುತ್ತಾನೆಂದರೆ ಸಿಟ್ಟು ಎಲ್ಲೋ ಒಂದು ಕಡೆ ಇದ್ದೇ ಇದೆ. ಮಗಳು ಕಲಬುರಗಿಯ ಹಾಸ್ಟೆಲಿನಲ್ಲಿದ್ದಾಳೆ. ಪಕ್ಕದಲ್ಲಿ ಮಲಗುವವಳು ತಾನೊಬ್ಬಳೇ. ಹಾಗಾದರೆ?

ಯಂತ್ರ ತುಳಿಯುತ್ತ ತಾನು ಮಾಡಿದ ತಪ್ಪುಗಳನ್ನೆಲ್ಲ ನೆನಪಿಸಿಕೊಂಡಳು. ಅವನ ನೀಲಿ ಅಂಗಿಯನ್ನು ಕತ್ತರಿಸಿ ಒರೆಸುವ ಬಟ್ಟೆ ಮಾಡಿದ್ದು. ಅವನ ಸೋದರತ್ತೆ ಬಂದಾಗ ತಲೆನೋವೆಂದು ಮಲಗಿದ್ದು. ಯಾವುದೂ ಅಷ್ಟು ಹಲ್ಲು ಕಡಿಯುವಷ್ಟು ದೊಡ್ಡದಾಗಿ ಕಾಣಲಿಲ್ಲ.

ಅವಳು ಇನ್ನೂ ಲೆಕ್ಕ ಹಾಕುತ್ತಿರುವಾಗಲೇ ಪಕ್ಕದ ಮನೆಯ ಶಮಶಾದ ಬಂದಳು. ಎರಡೂ ಮನೆಗಳಿಗೆ ನಡುವೆ ಒಂದೇ ಗೋಡೆ.

"ಅಕ್ಕಾ, ಮಾಸ್ತರ್ ಸಾಬರು ನಮ್ಮ ಆಡಿನ ಮ್ಯಾಲ ಇನ್ನೂ ಸಿಟ್ಟ ಇಟ್ಕೊಂಡಾರೇನು? ಗ್ವಾಡಿ ಅತ್ತಾಗಿಂದ ಹಲ್ಲು ಕಡ್ಯೋದು ಕೇಳಿಸ್ತದ. ನಮ್ಮನ್ಯಾಗ ಹುಡುಗ್ರು ಹೆದ್ರಾಕತ್ತಾವ."

ದೀಪಾವಳಿಯ ಸುಮಾರಿಗೆ ಶಮಶಾದಳ ಆಡು ಅಂಗಳಕ್ಕೆ ನುಗ್ಗಿ, ಕಲ್ಲಿನಾಥ ಮೂರು ದಿನ ಕುಳಿತು ಬರೆದ ಭೀಮಾ ನದಿಯ ಚಿತ್ರವನ್ನು ಆಚೆ ದಡದಿಂದ ಸೇತುವೆಯ ತನಕ ತಿಂದುಬಿಟ್ಟಿತ್ತು. ಆಗ ಅವನು, ಬಣ್ಣ ತಿಂದದ್ದಕ್ಕೆ ಆಡಿನ ಹೊಟ್ಟೆ ಕೆಡದಿದ್ದರೆ ಸಾಕು ಎಂದಷ್ಟೇ ಹೇಳಿದ್ದ. ಆ ಮಾತು ಶಮಶಾದಳಿಗೆ ಈಗ ಬೆದರಿಕೆಯಂತೆ ಕಾಣುತ್ತಿತ್ತು. ಶಿವಕಾಂತಾ ಬಾಯಿ ತೆರೆಯುವ ಮೊದಲೇ ಅವಳು ಆಡಿಗೆ ಹೊಸ ಹಗ್ಗ ತಂದಾಗಿತ್ತು. ಅಂದಿನಿಂದ ಆಡು ಕಟ್ಟಿದಲ್ಲೇ ಇರತೊಡಗಿತು. ಅಂಗಳದ ದಾಸವಾಳ ಮೊದಲ ಸಲ ಮೊಗ್ಗು ಬಿಟ್ಟಿತು.

ಎಳ್ಳ ಅಮಾವಾಸ್ಯೆಗೆ ಗಂಡಹೆಂಡತಿ ಜೇವರ್ಗಿ ತಾಲೂಕಿನ ಅಂದೋಲಾಕ್ಕೆ, ಶಿವಕಾಂತಾಳ ತವರಿಗೆ ಹೋದರು. ಹೊಲದಲ್ಲಿ ಭೂತಾಯಿಗೆ ಎಡೆಯ ಚರಗ ಚೆಲ್ಲಿ, ಬೇವಿನ ಮರದ ಕೆಳಗೆ ಎಲ್ಲರೂ ಸಜ್ಜೆರೊಟ್ಟಿ, ಭಜ್ಜಿ, ಕಡಬು ಹೊಟ್ಟೆ ಬಿರಿಯುವಂತೆ ಉಂಡರು. ಉಂಡ ಮೇಲೆ ತೊಗರಿಯ ಸಾಲಿನ ಪಕ್ಕದಲ್ಲಿ ಕಂಬಳಿ ಹಾಸಿ ಗಂಡಸರು ಒರಗಿದರು. ಕಲ್ಲಿನಾಥನ ತಲೆ ಮಾವ ಮಹಾದೇವಪ್ಪನ ತಲೆಯಿಂದ ಒಂದು ಗೇಣು ದೂರದಲ್ಲಿತ್ತು. ಐದು ನಿಮಿಷವೂ ಆಗಿರಲಿಲ್ಲ, ಮಹಾದೇವಪ್ಪ ಎದ್ದು ಕುಳಿತ. ಮರದ ಮೇಲಿನ ಗಿಳಿಗಳು ಆಗಲೇ ಪಕ್ಕದ ಹೊಲಕ್ಕೆ ಹೋಗಿದ್ದವು.

ಮಹಾದೇವಪ್ಪ ಊರಲ್ಲಿ ನಾಲ್ಕು ಜನ ಎದ್ದು ನಿಂತು ಮಾತಾಡಿಸುವಂಥ ಹಿರಿಯ. ಮಗಳನ್ನು ಬಾವಿಯ ಕಡೆಗೆ ಕರೆದುಕೊಂಡು ಹೋಗಿ ದನಿ ತಗ್ಗಿಸಿದ.

"ಅಳಿಯ ಇನ್ನೂ ಅದನ್ನ ಮರ್ತಿಲ್ಲೇನು ಬೇ?"

"ಯಾವುದನ್ನಪ್ಪ?"

"ನನ್ನ ಪಟ."

ಮದುವೆಯ ವರ್ಷ ಕಲ್ಲಿನಾಥ ಮಾವನ ಭಾವಚಿತ್ರ ಬರೆದು ಕೊಟ್ಟಿದ್ದ. ಮಹಾದೇವಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಮೀಸೆ ನನ್ನದು, ಮುಖ ಯಾರದೋ ಎಂದಿದ್ದ. ಪಟ ದನದ ಕೊಟ್ಟಿಗೆ ಸೇರಿತ್ತು. ಹದಿನಾಲ್ಕು ವರ್ಷ ಅದು ಎತ್ತುಗಳನ್ನು ನೋಡುತ್ತ ಅಲ್ಲೇ ನೇತಾಡಿತ್ತು.

"ಅವರಿಗೆ ಅದರ ನೆಪ್ಪೂ ಇರ್ಲಿಕ್ಕಿಲ್ಲಪ್ಪ."

"ನೆಪ್ಪಿಲ್ದ ಹಂಗ್ಯಾಕ ಕಡೀತಾನ? ನಾ ನೋಡ್ದೆನಲ್ಲ, ಮಾರಿ ನನ್ನ ಕಡೆ ಮಾಡೇ ಕಡ್ಯಾಕತ್ತಿದ್ದ."

ಸಂಜೆ ಮನೆಗೆ ಬಂದವನೇ ಮಹಾದೇವಪ್ಪ ಪಟವನ್ನು ಕೊಟ್ಟಿಗೆಯಿಂದ ತರಿಸಿ, ಸೆಗಣಿ ಒರೆಸಿ, ಪಡಸಾಲೆಯ ಟಿವಿಯ ಮೇಲೆ ತೂಗುಹಾಕಿಸಿದ. ಅಳಿಯನನ್ನು ಅದರ ಎದುರು ಕೂರಿಸಿ, "ನನ್ನ ಕಡಿಂದ ತಪ್ಪ ಆಗ್ಯಾದ, ಮಾಫಿ ಇರ್ಲಿ," ಅಂದ. ಕಲ್ಲಿನಾಥ ಪಟವನ್ನು ಬಹಳ ಹೊತ್ತು ನೋಡಿದ.

"ಯಾರು ಬರದಾರ್ರಿ ಇದನ್ನ?" ಅಂದ. "ಮೀಸಿ ಒಂದ ಬರಾಬರ್ ಬಂದದ."

ಇದು ಚುಚ್ಚುಮಾತೆಂದು ತಿಳಿದು ಮಹಾದೇವಪ್ಪ ಇನ್ನೊಮ್ಮೆ ಕೈ ಮುಗಿದ. ಶಿವಕಾಂತಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಹೋದಳು.

ಸುದ್ದಿ ಫೋನಿನ ಮೇಲೆ ಅಂದೋಲಾದಿಂದ ಆಳಂದಕ್ಕೆ ಹೋಯಿತು. ಆಳಂದದ ಹತ್ತಿರದ ಹಳ್ಳಿಯಲ್ಲಿ ಕಲ್ಲಿನಾಥನ ಅಣ್ಣ ಜಗದೇವ ಇದ್ದ. ಪಾಲಾದಾಗ ತಾಯಿಯ ತಾಮ್ರದ ಹಂಡೆಯನ್ನು ಅವನು ಯಾರನ್ನೂ ಕೇಳದೆ ಇಟ್ಟುಕೊಂಡಿದ್ದ. ಎರಡು ಮಕ್ಕಳು ಕೂತು ಸ್ನಾನ ಮಾಡಬಹುದಾದಷ್ಟು ದೊಡ್ಡ ಹಂಡೆ. ಸಂಕ್ರಾಂತಿ ಕಳೆದ ವಾರ ಆ ಹಂಡೆಯೊಂದಿಗೆ ಅವನು ಎರಡು ಬಸ್ಸು ಬದಲಿಸಿ ಬಂದು ಬಾಗಿಲಲ್ಲಿ ನಿಂತ. ಕಂಡಕ್ಟರ್ ಹಂಡೆಗೂ ಒಂದು ಟಿಕೆಟ್ ಹರಿದಿದ್ದ.

"ತಗೋ ಲೇ ಕಲ್ಲ್ಯಾ," ಅಂದ ಬೆವರು ಒರೆಸಿಕೊಳ್ಳುತ್ತ. "ಇನ್ ಮ್ಯಾಲ ನನ್ನ ಹೆಸರೀಲೆ ಹಲ್ಲು ಕಡೀಬ್ಯಾಡ. ನಿನ್ನ ಸಿಟ್ಟಿಗೆ ನಮ್ಮನ್ಯಾಗ ಎರಡೂ ಎಮ್ಮಿ ಹಾಲ ಬತ್ಯಾವ."

ಕಲ್ಲಿನಾಥನಿಗೆ ಎಮ್ಮೆಗಳ ಸಂಗತಿ ಅರ್ಥವಾಗಲಿಲ್ಲ. ಆದರೆ ಹಂಡೆಯ ಬಾಯಿಯ ಸುತ್ತ ಕೈ ಆಡಿಸಿದ, ಒಳಗೆ ಬಗ್ಗಿ ನೋಡಿದ. ಅವನು ಅಷ್ಟು ಹೊತ್ತು ಬಗ್ಗಿಯೇ ಇದ್ದದ್ದನ್ನು ಕಂಡು ಶಿವಕಾಂತಾಳೇ ಹೋಗಿ ಭಾವನಿಗೆ ನೀರು ಕೊಡಬೇಕಾಯಿತು. ಮರುದಿನದಿಂದ ಅವನ ಸ್ನಾನಕ್ಕೆ ಆ ಹಂಡೆಯದೇ ನೀರು.

ಮಾರ್ಚಿನಲ್ಲಿ ಶಾಲೆಯ ವಾರ್ಷಿಕ ಪರೀಕ್ಷೆ. ಅಲ್ಲಿ ನಡೆದದ್ದನ್ನು ಹೇಳಲು ಹೆಡ್‌ಮಾಸ್ತರ ವಿಠ್ಠಲರಾಯರೇ ಮನೆತನಕ ಬಂದರು. ಒಂಬತ್ತನೆಯ ತರಗತಿಯ ಗಣಿತದ ದಿನ ಕಲ್ಲಿನಾಥ ಕೋಣೆಯಲ್ಲಿ ಮೇಲ್ವಿಚಾರಕನಾಗಿ ಕುರ್ಚಿಯಲ್ಲಿ ಕುಳಿತಿದ್ದ. ಅರ್ಧ ಗಂಟೆಯಲ್ಲಿ ಅವನ ಕಣ್ಣು ಮುಚ್ಚಿತು, ಕತ್ತು ಬಗ್ಗಿತು, ಹಲ್ಲು ಕಡಿಯಲು ಶುರುವಾಯಿತು. ಮಾಸ್ತರರ ಬಾಯಿಂದ ಅಂಥ ಸದ್ದನ್ನು ಆ ಮಕ್ಕಳು ಎಂದೂ ಕೇಳಿರಲಿಲ್ಲ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಬಂದು ತನ್ನ ನಕಲು ಚೀಟಿಯನ್ನು ಮೇಜಿನ ಮೇಲೆ ಇಟ್ಟಳು. ಅವಳ ಹಿಂದೆ ಇನ್ನೊಬ್ಬ. ಕಾಲುಚೀಲದಿಂದ, ಕಂಪಾಸಿನ ಡಬ್ಬಿಯಿಂದ, ಜಡೆಯ ರಿಬ್ಬನ್ನಿನಿಂದ ಚೀಟಿಗಳು ಹೊರಬಂದವು. ಒಬ್ಬನಂತೂ ಹೋದ ವರ್ಷ ಮಾಡಿದ ನಕಲನ್ನೂ ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿ ಕೊಟ್ಟಿದ್ದ.

"ಇಪ್ಪತ್ತೆರಡು ವರ್ಷದ ಸರ್ವಿಸಿನ್ಯಾಗ ಹಿಂಥಾ ಸೂಪರ್ವೈಸರ್ನ ನಾ ನೋಡಿಲ್ರಿ," ಅಂದರು ವಿಠ್ಠಲರಾಯರು. "ನಾಳಿಂದ ದೊಡ್ಡ ಹಾಲ್ ಇವರಿಗೇ ಕೊಡ್ತೇನಿ."

ಕಲ್ಲಿನಾಥ ತಲೆ ತಗ್ಗಿಸಿ ಕುಳಿತಿದ್ದ. ನಿದ್ದೆ ಮಾಡಿದ್ದಕ್ಕೆ ನೋಟಿಸು ಕೊಡಲು ಬಂದಿದ್ದಾರೆಂದು ಅವನು ತಿಳಿದಿದ್ದ.

ಹೀಗೆ ಇಡೀ ವರ್ಷ ನಡೆದುಹೋಗುತ್ತಿತ್ತೋ ಏನೋ. ಆದರೆ ಏಪ್ರಿಲಿನ ಒಂದು ಮಧ್ಯಾಹ್ನ ರೊಟ್ಟಿ, ಶೇಂಗಾ ಹಿಂಡಿ ಉಣ್ಣುವಾಗ ಅವನ ದವಡೆ ಹಲ್ಲಿನ ಮೂಲೆಯೊಂದು ಮುರಿದು ತಾಟಿಗೆ ಬಿತ್ತು. ಶಿವಕಾಂತಾ ಅವನ ರಟ್ಟೆ ಹಿಡಿದು ಹಲ್ಲಿನ ಡಾಕ್ಟರ್ ಮಿನಾಜಳ ದವಾಖಾನೆಗೆ ನಡೆಸಿಕೊಂಡು ಹೋದಳು. ಚಿಕ್ಕ ವಯಸ್ಸಿನ ಆ ಡಾಕ್ಟರ್ ಬಾಯಿಗೆ ದೀಪ ಹಿಡಿದು ನೋಡಿ, "ಎಷ್ಟ ದಿನದಿಂದ ಕಡ್ಯಾಕತ್ತೀರಿ? ಅರವತ್ತ ವರ್ಷದವ್ರ ಹಲ್ಲು ಸವ್ದಂಗ ಸವ್ದಾವ," ಅಂದಳು.

"ಡಾಕ್ಟರ್, ಇವರು ಯಾರ ಮ್ಯಾಲ ಸಿಟ್ಟ ಮಾಡ್ಯಾರ?" ಶಿವಕಾಂತಾ ತಡೆಯಲಾರದೆ ಕೇಳಿಬಿಟ್ಟಳು.

ಮಿನಾಜ ನಗಲಿಲ್ಲ. "ಸಿಟ್ಟೇ ಇರಬೇಕು ಅಂತೇನಿಲ್ರಿ. ನಿದ್ದ್ಯಾಗ ದವಡಿ ತಾನೇ ಆಡ್ತದ. ಭಾಳ ಮಂದಿಗೆ ಇರ್ತದ. ಚಿಂತಿ ಇದ್ರ ಜರಾ ಜಾಸ್ತಿ ಆಗ್ತದ, ಅಷ್ಟ."

ಹಲ್ಲಿನ ಅಚ್ಚು ತೆಗೆದುಕೊಂಡಳು. ಮಲಗುವಾಗ ಹಾಕಿಕೊಳ್ಳಲು ಪಾರದರ್ಶಕವಾದ ಒಂದು ಕವಚ ಮಾಡಿಸಿ ವಾರದೊಳಗೆ ಕೊಟ್ಟಳು. ಮೊದಲ ದಿನವೇ ಸದ್ದು ನಿಂತಿತು. ಶಿವಕಾಂತಾ ಆ ರಾತ್ರಿ ಬೆಳಗಾಗುವ ತನಕವಲ್ಲ, ಬೆಳಗಾಗಿ ಹಾಲಿನವನು ಎರಡು ಸಲ ಬಾಗಿಲು ಬಡಿದು ಹೋಗುವ ತನಕ ಮಲಗಿದಳು. ಎದ್ದವಳೇ ಖುಷಿಯಲ್ಲಿ ಎಲ್ಲರಿಗೂ ಹೇಳಿದಳು: ಇವರಿಗೆ ಯಾರ ಮೇಲೂ ಸಿಟ್ಟಿರಲಿಲ್ಲ, ಅದೊಂದು ಬೇನೆ.

ಮಹಾದೇವಪ್ಪ ಫೋನಿನಲ್ಲಿ ಅದನ್ನು ಎರಡು ಸಲ ಹೇಳಿಸಿಕೊಂಡ.

"ಹಂಗಾದ್ರ ಅವಗ ನನ್ನ ಮ್ಯಾಲ ಸಿಟ್ಟ ಇರ್ಲಿಲ್ಲ?"

"ಇಲ್ಲಪ್ಪ."

"ಹಂಗಾದ್ರ ನಾ ಸುಳ್ಳೇ ಮಾಫಿ ಕೇಳಿದ್ಹಂಗ ಆತು."

ಸಂಜೆಯ ಹೊತ್ತಿಗೆ ಪಟ ಮತ್ತೆ ಕೊಟ್ಟಿಗೆಗೆ ಹೋಯಿತೆಂದು ತಾಯಿ ಫೋನು ಮಾಡಿದಳು. ಮರುದಿನ ಬೆಳಿಗ್ಗೆ ಶಮಶಾದ ಆಡಿನ ಹಗ್ಗ ಬಿಚ್ಚಿದಳು. ಅದು ನೇರವಾಗಿ ಬಂದು ದಾಸವಾಳವನ್ನು ಬುಡದ ತನಕ ಮೇಯ್ದು ಹೋಯಿತು. ವಿಠ್ಠಲರಾಯರು ದಾರಿಯಲ್ಲಿ ಸಿಕ್ಕಿ, ಪೂರಕ ಪರೀಕ್ಷೆ ಮುಗಿಯುವ ತನಕ ಆ ಪ್ಲಾಸ್ಟಿಕ್ಕನ್ನು ಶಾಲೆಗೆ ತರಬೇಡಿರೆಂದು ಕೈ ಮುಗಿದರು. ಭಾನುವಾರ ಜಗದೇವ ಬಂದ.

"ಹಂಡೆ ಒಯ್ಯಾಕ ಬಂದೇನಿ," ಅಂದ ಚಪ್ಪಲಿ ಬಿಡದೆ. "ಸಿಟ್ಟೇ ಇಲ್ಲಂದ್ ಮ್ಯಾಲ ಕೊಡೋದು ಯಾಕ?"

ಶಿವಕಾಂತಾ ಗಂಡನ ಮುಖ ನೋಡಿದಳು. ಅವನು ಒಲೆಯ ಮೇಲಿನ ಹಂಡೆಯಿಂದ ನೀರು ಬಸಿದ, ಮಸಿ ಒರೆಸಿದ, ಅಣ್ಣನ ಜೊತೆ ಒಂದು ಕಡೆ ಹಿಡಿದು ಎತ್ತಿ ಮೂರು ಗಾಲಿಯ ಟಂಟಂ ಗಾಡಿಗೆ ಏರಿಸಿದ. ಬಸ್‌ಸ್ಟ್ಯಾಂಡಿನ ತನಕ ಹಂಡೆ ಉರುಳದಂತೆ ತಾನೇ ಹಿಡಿದುಕೊಂಡು ಕುಳಿತ. ಹಿಂದೆಯೇ ಹತ್ತಿ ಬಂದಿದ್ದ ಶಿವಕಾಂತಾಳಿಗೆ ಮೈಯೆಲ್ಲ ಉರಿಯುತ್ತಿತ್ತು.

"ಏನರೆ ಅನ್ರಿ," ಅಂದಳು ಅವನ ಕಿವಿಯಲ್ಲಿ. "ಕಲ್ಲಿನಂಗ ಕುಂತೀರಲ್ಲ."

ಜಗದೇವ ಕಲಬುರಗಿ ಬಸ್ಸಿನ ಹಿಂದಿನ ಸೀಟಿನ ಹತ್ತಿರ ಹಂಡೆ ಇರಿಸಿ ಕುಳಿತುಕೊಂಡ. ಕಲ್ಲಿನಾಥ ಕೆಳಗೆ ಕಿಟಕಿಯ ಪಕ್ಕದಲ್ಲಿ ನಿಂತಿದ್ದ. ಅವನ ತುಟಿ ಅಲುಗಿದ್ದನ್ನು ಶಿವಕಾಂತಾ ಕಂಡಳು.

"ಅಣ್ಣಾ, ಹಂಡೆ ಇಳಸು," ಅಂದ.

ಅದು ಎಷ್ಟು ಮೆಲ್ಲಗಿತ್ತೆಂದರೆ ಪಕ್ಕದಲ್ಲಿ ಸೌತೆಕಾಯಿ ಮಾರುತ್ತಿದ್ದವಳಿಗೂ ಕೇಳಿಸಲಿಲ್ಲ. ಇನ್ನೊಮ್ಮೆ ಅಂದ. ಅಷ್ಟರಲ್ಲಿ ಕಂಡಕ್ಟರ್ ಸೀಟಿ ಊದಿದ, ಬಸ್ಸು ಹೊರಟಿತು. ಕಲ್ಲಿನಾಥ ಎರಡು ಹೆಜ್ಜೆ ಅದರ ಜೊತೆ ನಡೆದ, ನಾಲ್ಕು ಹೆಜ್ಜೆ ಓಡಿದ, ಆಮೇಲೆ ಹಿಂದಿನ ಬಾಗಿಲಿನ ಸರಳು ಹಿಡಿದು ಹತ್ತಿಯೇಬಿಟ್ಟ. ಒಂದು ಚಪ್ಪಲಿ ಕೆಳಗೆ ಬಿತ್ತು. ಶಿವಕಾಂತಾ ಆ ಚಪ್ಪಲಿ ಎತ್ತಿಕೊಂಡು, ಬಸ್ಸು ತಿರುವಿನಲ್ಲಿ ಮರೆಯಾಗುವ ತನಕ ನೋಡುತ್ತ ನಿಂತಳು.

ಮೂರು ಗಂಟೆ ಅವನ ಸುದ್ದಿಯಿಲ್ಲ. ಫೋನು ಮನೆಯಲ್ಲೇ ಬಿಟ್ಟಿದ್ದ. ಅವಳು ಬಾಗಿಲಿಗೂ ಬೀದಿಯ ತುದಿಗೂ ಹತ್ತು ಸಲ ತಿರುಗಿದಳು. ಸಂಜೆ ಬಿಸಿಲು ಇಳಿಯುವಾಗ ಒಂದು ಟಂಟಂ ಬಂದು ನಿಂತಿತು. ಮುಂದೆ ಚಾಲಕ, ಹಿಂದೆ ಹಂಡೆ, ಹಂಡೆಯನ್ನು ತಬ್ಬಿಕೊಂಡು ಒಂದೇ ಚಪ್ಪಲಿಯಲ್ಲಿ ಕಲ್ಲಿನಾಥ.

ಒಳಗೆ ಬಂದು ಎರಡು ತಂಬಿಗೆ ನೀರು ಕುಡಿದ ಮೇಲೆ ಹೇಳಿದ. ಬಸ್ಸಿನಲ್ಲಿ ಇನ್ನೂ ಮೂರು ಸಲ ಹಂಡೆ ಕೇಳಿದನಂತೆ. ಅಣ್ಣ ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದನಂತೆ. ಗಾಣಗಾಪುರದ ಕ್ರಾಸಿನಲ್ಲಿ ಯಾತ್ರಿಕರು ಇಳಿಯತೊಡಗಿದಾಗ ಅವರ ನಡುವೆ ಇವನೂ ಹಂಡೆಯನ್ನು ಎಳೆದುಕೊಂಡು ಇಳಿದನಂತೆ.

"ಭಾವ ಸುಮ್ನ ಬಿಟ್ರೇನು?"

"ಏನ್ ಮಾಡಾಕತ್ತಿ ಲೇ ಅಂದ. ಅವ್ವ ನನ್ನ ಇದರಾಗ ಕುಂದ್ರಿಸಿ ಜಳಕ ಮಾಡಸ್ತಿದ್ಳು, ಹಂಡೆ ನಂದು ಅಂದೆ. ನನಗೂ ಮಾಡಸ್ತಿದ್ಳು ಅಂದ. ಖರೇ, ಆದ್ರ ನೀ ಪ್ರತಿಸಲ ಓಡಿ ಹೋಗ್ತಿದ್ದಿ ಅಂದೆ." ಕಲ್ಲಿನಾಥ ತಂಬಿಗೆ ಕೆಳಗಿಟ್ಟ. "ಅದಕ್ಕ ಅವ ಹಂಡೆ ಕೈ ಬಿಟ್ಟ. ಓಡಿ ಹೋಗ್ತಿದ್ದದ್ದು ಖರೇನೇ."

ಇಳಿದ ಮೇಲೆ ಇನ್ನೊಂದು ತೊಂದರೆಯಾಯಿತು. ಕ್ರಾಸಿನಲ್ಲಿ ದೊಡ್ಡ ಹಂಡೆಯ ಪಕ್ಕದಲ್ಲಿ ಒಬ್ಬ ಮನುಷ್ಯ ನಿಂತದ್ದನ್ನು ಕಂಡ ಯಾತ್ರಿಕರು ಪ್ರಸಾದ ಹಂಚುತ್ತಾರೆಂದು ಸಾಲು ನಿಂತರು. ಹತ್ತು ನಿಮಿಷದಲ್ಲಿ ನಲವತ್ತು ಜನ. ಸೊಲ್ಲಾಪುರದ ಕಡೆಯ ಮುದುಕಿಯೊಬ್ಬಳು ಹಂಡೆಯೊಳಗೆ ಇಣುಕಿ, ಬರಿದಾದ ಹಂಡೆ ಇಟ್ಟುಕೊಂಡು ಜನರನ್ನು ಬಿಸಿಲಲ್ಲಿ ನಿಲ್ಲಿಸಿದ್ದಕ್ಕೆ ಮರಾಠಿಯಲ್ಲಿ ಬೈದಳು.

"ಆಗ ಜೋರಾಗಿ ಒದರಿದೆ, ಇದು ನನ್ನ ಹಂಡೆ ಅಂತ."

"ಎಷ್ಟ ಜೋರು?"

ಕಲ್ಲಿನಾಥ ಎದ್ದು ನಿಂತು, ಉಸಿರು ತುಂಬಿಕೊಂಡು ಒದರಿ ತೋರಿಸಿದ. ಗೋಡೆಯ ಆಚೆ ತಾಟೊಂದು ಬಿದ್ದ ಸದ್ದಾಯಿತು. ಶಿವಕಾಂತಾ ತನ್ನ ಗಂಡನನ್ನು ಮೇಲಿನಿಂದ ಕೆಳಗಿನ ತನಕ ಹೊಸದಾಗಿ ನೋಡಿದಳು. ಅವಳಿಗೆ ಎಷ್ಟು ಸಂತೋಷವಾಯಿತೆಂದರೆ, ಬಿಸಿ ರೊಟ್ಟಿ ಬಡಿದು, ಬೆಣ್ಣೆ ಹಾಕಿ, ಪಕ್ಕದಲ್ಲಿ ಶೇಂಗಾ ಹಿಂಡಿ ದಂಡಿಯಾಗಿ ಬಡಿಸಿದಳು.

ಕಲ್ಲಿನಾಥ ತಾಟನ್ನೇ ನೋಡುತ್ತ ಕುಳಿತ.

"ಇನ್ನೊಂದ ಮಾತು," ಅಂದ. "ನನಗ ಶೇಂಗಾ ಹಿಂಡಿ ಸೇರೂದಿಲ್ಲ."

"ಎಷ್ಟ ದಿನದಿಂದ?"

"ಮೊದಲಿಂದಾನೂ."

ಹದಿನಾಲ್ಕು ವರ್ಷ. ಶೇಂಗಾ ಹುರಿದು, ಸಿಪ್ಪೆ ತೆಗೆದು, ಖಾರ, ಬೆಳ್ಳುಳ್ಳಿ ಹಾಕಿ ಕುಟ್ಟಿದ ಹದಿನಾಲ್ಕು ವರ್ಷ. ಪ್ರತಿಯೊಂದು ಸಲ ಚಲೋ ಆಗ್ಯಾದ ಎಂದು ಉಂಡು ಎದ್ದವನು ಇವನೇ. ಶಿವಕಾಂತಾ ಬಡಿಯುತ್ತಿದ್ದ ರೊಟ್ಟಿಯನ್ನು ಮುದ್ದೆ ಮಾಡಿ ಹಿಟ್ಟಿಗೆ ಒಗೆದಳು. ಕಲ್ಲಿನಾಥ ಅವಳ ಮುಖವನ್ನು ಗಮನವಿಟ್ಟು ನೋಡಿದ.

"ನೀ ಹಲ್ಲು ಕಡ್ಯಾಕತ್ತಿ," ಅಂದ.

"ಹೌದ್ರಿ," ಅಂದಳು. "ನಿಮ್ಮ ಮ್ಯಾಲೇ."

ಎರಡು ದಿನ ಅವಳು ಅವನೊಂದಿಗೆ ಮಾತಾಡಲಿಲ್ಲ. ಮೂರನೆಯ ದಿನ ಪುಂಡಿಪಲ್ಯ ಮಾಡಿದಳು. ಅದು ಸೇರುತ್ತದೋ ಇಲ್ಲವೋ ಎಂದು ಮೊದಲೇ ಕೇಳಿದಳು. ಸೇರುತ್ತದೆ ಅಂದ. ಖರೇನೋ ಎಂದು ಇನ್ನೊಮ್ಮೆ ಕೇಳಿದಳು.

ಜಗದೇವ ಕಾರಹುಣ್ಣಿಮೆಗೆ ಬರಲಿಲ್ಲ. ಪಂಚಮಿಗೆ ಮಾತ್ರ ಅವನ ಹೆಂಡತಿ ಉಂಡಿ ಕಟ್ಟಿ ಕಳಿಸಿದಳು. ಎಮ್ಮೆಗಳು ಹಾಲು ಕೊಡುತ್ತಿವೆಯಂತೆ. ಮಹಾದೇವಪ್ಪನ ಸಿಟ್ಟು ಇಳಿದಿಲ್ಲ. ಅಳಿಯ ಈಗ ಹೊಸ ಪಟ ಬರೆದು ಕೊಡುತ್ತೇನೆಂದರೂ ಬೇಡವೆಂದಿದ್ದಾನೆ. ಕಲ್ಲಿನಾಥ ಕವಚವನ್ನು ಬಿಟ್ಟಿಲ್ಲ. ಅದರೊಳಗೂ ಹಲ್ಲು ಸ್ವಲ್ಪ ಆಡುತ್ತದೆ, ಹಾಗೆಯೇ ಇರಲಿ ಎಂದು ಮಿನಾಜ ಹೇಳಿದ್ದಾಳೆ.

ಆದರೆ ಒಮ್ಮೆ ಬಾಯಿ ಬಿಟ್ಟವನಿಗೆ ಈಗ ದಿನವೂ ಏನಾದರೊಂದು ಇರುತ್ತದೆ. ಬೆಳಗಿನ ಚಹಾದ ಹೊತ್ತಿಗೆ ಶಿವಕಾಂತಾ ತಾನೇ ಕೇಳುತ್ತಾಳೆ, ಇವತ್ತೇನು ಎಂದು. ಕೆಲವನ್ನು ಒಪ್ಪುತ್ತಾಳೆ, ಬಹಳಷ್ಟನ್ನು ಒಪ್ಪುವುದಿಲ್ಲ. ಮೊನ್ನೆ ಅವನು ಅವಳ ಯಂತ್ರದ ಮೇಲಿದ್ದ ಕುಪ್ಪಸವನ್ನು ಎತ್ತಿ, ಬೆನ್ನಿನ ಮೇಲೆ ಅವಳು ಕಸೂತಿ ಹಾಕಿದ್ದ ನವಿಲನ್ನು ಬೆಳಕಿಗೆ ಹಿಡಿದು ನೋಡಿದ.

"ಶಿವಕಾಂತಾ, ಇಷ್ಟ ವರ್ಷ ಹೇಳಬಾರ್ದು ಅಂತ ಸುಮ್ನಿದ್ದೆ. ನಿನ್ನ ನವಿಲಿನ ಕುತ್ತಿಗಿ ಕೋಳಿದ ಇದ್ದಂಗ ಅದ."

"ಅಫಜಲಪುರದಾಗ ಎಲ್ಲಾರೂ ಇದ ನವಿಲೇ ಬೇಕಂತ ಬರ್ತಾರ್ರಿ."

"ಬರ್ತಾರ. ಆದ್ರ ಕೋಳಿ ಅದು."

ಶಿವಕಾಂತಾ ಅವನ ಕೈಯಿಂದ ಕುಪ್ಪಸ ಕಸಿದುಕೊಂಡು, "ಸಾಲಿಗೆ ಹೊತ್ತಾತು, ನಡೀರಿ," ಅಂದಳು. ಅವನು ಹೋದ ಮೇಲೆ ಬಾಗಿಲು ಮುಂದೆ ಎಳೆದುಕೊಂಡು, ನವಿಲನ್ನು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಕತ್ತರಿ ತೆಗೆದುಕೊಂಡು ಕುತ್ತಿಗೆಯ ಎಳೆಗಳನ್ನು ಒಂದೊಂದಾಗಿ ಬಿಚ್ಚತೊಡಗಿದಳು.